ಅಳತೆ ರವಿಕೆ

ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಮೀನಿನಂಗಡಿ ದಾಟಿ
ಮೂರನೇ ಬಾಗಿಲು ನನ್ನದು. ಹೊಲಿಗೆ.
ಸೋಮವಾರ ಬೆಳಿಗ್ಗೆ ಬಟ್ಟೆಗಿಂತ ಬಾಯಿ ಹೆಚ್ಚು.
ನಿನ್ನೆ ರಾತ್ರಿ ‘ಸಿಗ್ನಲ್ ಗುಡ್ಡ’ ಮತ್ತೆ ಶುರುವಾಗಿದೆ,
ಮೂವತ್ತೊಂದು ವರ್ಷದ ಮೇಲೆ.

ಚೋಂದಮ್ಮ ಟೀಚರಿಗೆ ನಿದ್ದೆ ಬಂದಿಲ್ಲ.
“ಅದೇನದು, ಸ್ಟೇಷನ್ ಮಾಸ್ಟರಿಗೆ ಜಿಮ್ಮಿಗೆ ಹೋದ ತೋಳು!
ನಮ್ಮ ಮಾಸ್ಟರು ಹಸಿರು ಬಾವುಟ ಎತ್ತಿದರೆ
ಕಂಕುಳಲ್ಲಿ ಅಂಗಿ ಹರಿದದ್ದು ಕಾಣುತ್ತಿತ್ತು.”
“ಹರಿದಿರಲಿಲ್ಲ ಟೀಚರೆ,” ಎಂದಳು ಪಳನಿಯಮ್ಮ, ಗುಂಡಿ ಆರಿಸುತ್ತ,
“ತೇಪೆ ಹಾಕಿತ್ತು. ನೀಲಿ ತೇಪೆ.”
“ಕಪ್ಪು ಬಿಳುಪು ಟೀವಿಯಲ್ಲಿ ನೀಲಿ ಎಲ್ಲಿಂದ ಬಂತು?”
“ನನಗೆ ನೀಲಿ,” ಎಂದಳು. ಮುಗಿಯಿತು.

ಹೇಳಬೇಕು: ನಮ್ಮ ಜಿಲ್ಲೆಗೆ ರೈಲಿಲ್ಲ.
ಹಳಿಯೇ ಇಲ್ಲದ ಊರಿನವರು ನಾವು
ಭಾನುವಾರ ರಾತ್ರಿ ಎಂಟೂವರೆಗೆ ಸರಿಯಾಗಿ
ರೈಲಿಗೆ ಕಾಯುತ್ತಿದ್ದೆವು.
ಆ ಧಾರಾವಾಹಿಯಲ್ಲೂ ರೈಲು ಕಾಣಿಸಿದ್ದಿಲ್ಲ.
ಅವರ ಹತ್ತಿರ ದುಡ್ಡಿರಲಿಲ್ಲವೋ ಏನೋ.
ಒಂದು ಸಿಳ್ಳೆ, ಗೋಡೆಯ ಮೇಲೆ ಓಡುವ ಬೆಳಕು,
ಮೇಜಿನ ಮೇಲೆ ಲೋಟದ ನೀರು ನಡುಗುವುದು. ಅಷ್ಟೆ.
ಲೈನ್ ಮನೆಯ ಮಕ್ಕಳು ಆಮೇಲೆ ಒಂದು ವಾರ
ಕಾಫಿ ಕಣದಲ್ಲಿ ಒಬ್ಬರ ಲಂಗ ಒಬ್ಬರು ಹಿಡಿದು
ಕೂಗುತ್ತ ಓಡುತ್ತಿದ್ದವು.
ನಾನೂ ಇದ್ದೆ, ಕೊನೆಯ ಡಬ್ಬಿ.

ಈಗ ರೈಲು ಬಂದಿದೆ. ಆಕಾಶದಿಂದ ತೆಗೆದದ್ದು,
ಉದ್ದಕ್ಕೆ, ಎಲ್ಲ ಡಬ್ಬಿಗಳೂ.
“ಎಷ್ಟು ಚಂದ!” ಎನ್ನುತ್ತಾಳೆ ಸಫೀರಾ, ಚೂಡಿದಾರ್ ಹೊಲಿಸಲು ಬಂದ ಕಾಲೇಜು ಹುಡುಗಿ.
“ನಿಮ್ಮದನ್ನೂ ನೋಡಿದೆ ಫೋನಲ್ಲಿ, ಎರಡು ಕಂತು.
ಯಾರೂ ಏನೂ ಮಾಡುವುದಿಲ್ಲ. ಬಾಗಿಲ ಕಡೆ ನೋಡುತ್ತಾರೆ.”
“ಅದೇ ಅಲ್ಲವೇನೇ,” ಎಂದರು ಟೀಚರು.
ಮುಂದೆ ಮಾತು ಸಿಗದೆ ಅವರೂ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಮೊಯ್ದು ಕಾಕ. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಬೇಕು.
ಎಲ್ಲರೂ ಸರಿದು ಸ್ಟೂಲು ಕೊಟ್ಟರು. ಕಾರಣ ಇದೆ:
ಕೊನೆಯ ಕಂತಿನ ರಾತ್ರಿ ಆನೆ ಸಿಲ್ವರ್ ಮರ ದೂಡಿ
ಕರೆಂಟಿನ ತಂತಿಯ ಮೇಲೆ ಹಾಕಿತ್ತು.
ನೆಲ್ಯಹುದಿಕೇರಿಯಿಂದ ಮಾಲ್ದಾರೆವರೆಗೆ ಕತ್ತಲೆ.
ಇವರೊಬ್ಬರೇ ಜೀಪಿನ ಬ್ಯಾಟರಿಗೆ ಟೀವಿ ಕಟ್ಟಿ ನೋಡಿದವರು.
ಬೆಳಿಗ್ಗೆ ಬಾನೆಟ್ಟಿನ ಮೇಲೆ ಕೂತು ಊರಿಗೆಲ್ಲ ಹೇಳಿದರು:
ಕಡೆಗೂ ರೈಲು ನಿಂತಿತು. ಮಾಸ್ಟರು ಬಾವುಟ ಮಡಚಿ
ನಾಯಿಯನ್ನು ಎತ್ತಿಕೊಂಡು ಹತ್ತಿದರು.
ಟೀಚರು ಅತ್ತದ್ದು ಆಗ. ಪಳನಿಯಮ್ಮ
ಮಗನಿಗೆ ಮಾಸ್ಟರ ಹೆಸರಿಟ್ಟದ್ದು ಆಗ.

ನಿನ್ನೆಯ ಹೊಸದರಲ್ಲಿ ಹಳೆಯ ಕೊನೆಯನ್ನೂ ತೋರಿಸಿದರು, ಒಂದೇ ನಿಮಿಷ:
ರೈಲು ನಿಲ್ಲುವುದಿಲ್ಲ. ಲೋಟ ನಡುಗಿ ಸುಮ್ಮನಾಗುತ್ತದೆ.
ಮಾಸ್ಟರು ಆ ನೀರು ಕುಡಿದು ದೀಪ ಆರಿಸುತ್ತಾರೆ.
ನಾಯಿಯೇ ಇಲ್ಲ.

“ಮೋಸ,” ಎಂದರು ಟೀಚರು. “ಹಳೆಯದನ್ನೂ ತಿದ್ದಿದ್ದಾರೆ.”
ನಾನು ಮೆಷಿನ್ ನಿಲ್ಲಿಸಿದೆ.
ಮೊಯ್ದು ಕಾಕ ಪ್ಯಾಂಟಿನ ಅಂಚು ಮಡಚಿದರು,
ಬಿಚ್ಚಿದರು, ಮತ್ತೆ ಮಡಚಿದರು.
“ಬ್ಯಾಟರಿ ಅರ್ಧಕ್ಕೇ ಸತ್ತಿತ್ತು.
ಬೆಳಿಗ್ಗೆ ನೋಡಿದರೆ ನೀವೆಲ್ಲ ಗೇಟಿನ ಹತ್ತಿರ. ಏನು ಹೇಳಲಿ?
ಕಾದವರನ್ನು ಹತ್ತಿಸದೆ ಹೋಗಿ
ನನಗೆ ಅಭ್ಯಾಸ ಇಲ್ಲ.”

ಹೊರಗೆ ಅಮ್ಮತ್ತಿ ಬಸ್ಸು ಹಾರ್ನ್ ಹೊಡೆಯಿತು.
ನನ್ನ ಕತ್ತರಿ ಟೇಬಲ್ಲಿನ ಮೇಲೆ ಸಣ್ಣಗೆ ಅದುರಿತು.
“ನಾಯಿ ಯಾವ ಬಣ್ಣ?” ಪಳನಿಯಮ್ಮ ಕೇಳಿದಳು.
“ಕಂದು,” ಎಂದರು ಕಾಕ, ಕಣ್ಣೆತ್ತದೆ, ತಡವಿಲ್ಲದೆ.
“ನನಗೂ ಕಂದು.”

ಟೀಚರು ಅಳತೆಗೆಂದು ತಂದ ಹಳೆಯ ರವಿಕೆ ಇಲ್ಲೇ ಬಿಟ್ಟು ಹೋದರು.
ಪ್ರತಿ ಸಲವೂ ಇದೇ, ಇದೇ ಮಾತು:
“ಇದರ ಹಾಗೇ ಇರಲಿ, ಒಂದು ನೂಲೂ ಆಚೀಚೆ ಬೇಡ.”
ನಾಲ್ಕು ಸಲ, ಅವರಿಗೆ ಹೇಳದೆ,
ನಾನೇ ಇದರ ಪಕ್ಕ ಬಿಚ್ಚಿ ಅಗಲ ಮಾಡಿದ್ದೇನೆ.

ಮುಂದಿನ ಭಾನುವಾರ ಎಂಟೂವರೆಗೆ ಎಲ್ಲರೂ ನೋಡುವವರೇ.
ಸಫೀರಾ
ನಾಯಿಗೆ ಕಾಯುತ್ತಾಳಂತೆ.