ಸಗೋತ್ರ

ಮೆಲ್ಬರ್ನಿನ ಪಡುವಣ ಅಂಚು. ಹಳಿಗೂ ತಂತಿಬೇಲಿಗೂ ನಡುವೆ
ಉಳಿದ ಹುಲ್ಲುಗಾವಲು, ಸೀರೆಯಂಚಿನಷ್ಟಗಲ.
ಇಪ್ಪತ್ತೆಂಟು ಗಿಡ, ಹಳದಿ ಗುಂಡಿಯಂಥ ಹೂ.
ಎಲ್ಲ ಒಂದೇ ಗೋತ್ರ; ಕಾಳು ಕಟ್ಟುವುದಿಲ್ಲ.

ಬೇರೆ ಗೋತ್ರದವು ಇವೆ, ಮೂರು ಸ್ಟೇಷನ್ ಆಚೆ,
ಹಳೇ ಗೋರಿಗಳ ಸಂದಿಯಲ್ಲಿ.
ನಡುವೆ ಎಂಟು ಪಥದ ಹೆದ್ದಾರಿ, ಟೈಲ್ಸ್ ಗೋದಾಮು.
ಇಲ್ಲಿಯ ಪುಟ್ಟ ಜೇನಿಗೆ
ಅಷ್ಟು ರೆಕ್ಕೆಯಿಲ್ಲ.

ಅದಕ್ಕೇ ಡೋರಿಸ್ ಬುಟಿಜಿಜ್
ಮಂಡಿಗೆ ಪಟ್ಟಿ ಬಿಗಿದು,
ಬೆಂಕಿಪೊಟ್ಟಣದಲ್ಲಿ ಪರಾಗ ಹೊತ್ತು
ಹತ್ತೂ ನಲವತ್ತರ ರೈಲು ಹತ್ತುತ್ತಾಳೆ.

‘ಇಲ್ಲಿ ಸೇದುವ ಹಾಗಿಲ್ಲ, ಅಜ್ಜಿ,’ ಅಂದ ಟಿಕೆಟಿನವನು.
‘ಸೇದೋದಲ್ಲಪ್ಪ. ಗಂಡಿನ ಕಡೆಯವರು.’

ತೆರೆದಳು. ಚಿಟಿಕೆಯೂ ಇಲ್ಲ.
ಬಗ್ಗಿ ನೋಡಿದವನು, ಹಾರೀತೆಂದು,
ಉಸಿರು ಬಿಗಿಹಿಡಿದೇ ನಿಂತ.

ಕಾಳು ಕಟ್ಟಿತೋ,
ಜನವರಿಯಲ್ಲಿ ಗೊತ್ತಾಗಬೇಕು.