ಎತ್ತಿ ಕುಡಿಯುವ ಮನೆ

ಲೋಟ ಬಂದದ್ದು ಅರಗಿನ ಮುದ್ರೆ ಒತ್ತಿದ ಬಟ್ಟೆಚೀಲದಲ್ಲಿ,
ಕೃಷ್ಣಮೂರ್ತಿಪುರದ ಯಾವುದೋ ಅಡ್ಡರಸ್ತೆಯಿಂದ.
ಸ್ಟೀಲಿನದು. ಮೈಮೇಲೆ ಹೆಸರಿಲ್ಲ.
ಆ ಮನೆಯ ಮಿಕ್ಕ ಪಾತ್ರೆಗಳಿಗೆಲ್ಲ ಹೆಸರು ಕೊರೆಸಿದೆಯಂತೆ,
ಮದುವೆಯ ತಾರೀಕು ಸಮೇತ.

ಮಗ ಹೇಳಿಕೆ ಕೊಟ್ಟಿದ್ದ:
ನಮ್ಮದು ಎತ್ತಿ ಕುಡಿಯುವ ಮನೆ ಸ್ವಾಮಿ,
ಲೋಟಕ್ಕೆ ತುಟಿ ತಾಗಿಸುವವರು ಒಬ್ಬರೂ ಇಲ್ಲ.
ಇದು ಹಿತ್ತಲ ಕಿಟಕಿಯಲ್ಲಿ ಬೋರಲು ಹಾಕಿಡುವ ಲೋಟ,
ಕೆಲಸದವಳದು.
ಅಮ್ಮನ ಮಂಚದ ಕೆಳಗೆ ಹೇಗೆ ಬಂತು
ಅವಳನ್ನೇ ಕೇಳಿ.

ಕೇಳಿದರು. ಠಾಣೆಯ ಬೆಂಚಿನ ಮೇಲೆ ಎರಡು ದಿನ
ದೇವೀರಮ್ಮ ತುಟಿ ಪಿಟಕ್ಕೆನ್ನಲಿಲ್ಲ.

ಮಾತಾಡದ ತುಟಿ ಓದುವುದು ನನ್ನ ಸಂಬಳದ ಕೆಲಸ.
ಕಪ್ಪು ಪುಡಿ, ಮೆತ್ತನೆ ಬ್ರಷ್ಷು, ಸೆಲ್ಲೋಟೇಪು.
ಮಾದರಿಗೆ ಕೆಂಪು ಹಚ್ಚಿಸಿ ಬಿಳಿಹಾಳೆಗೆ ಒತ್ತಿಸಬೇಕು.
ಅರವತ್ತಕ್ಕೆ ಮೊದಲ ಲಿಪ್‌ಸ್ಟಿಕ್ಕು ಅವಳಿಗೆ:
ಕಣ್ಣು ಗೋಡೆಯಲ್ಲಿ ಕನ್ನಡಿ ಹುಡುಕಿತು,
ಪೇದೆ ಕಂಡದ್ದೇ ಸೆರಗು ಬಾಯಿಗೆ ಬಂತು.

ಕೆಲವು ಗೆರೆ ನೆಟ್ಟಗೆ, ಕೆಲವು ಕವಲು,
ಬಲಮೂಲೆಯಲ್ಲಿ ಮಾತ್ರ
ವಿ.ಸಿ. ನಾಲೆ ತೂಬುತೂಬಿಗೂ ಒಡೆದು
ಮಂಡ್ಯದ ಗದ್ದೆಗಿಳಿಯುವ ಹಾಗೆ ಒಂದು ಬಲೆ.
ಲೋಟದ ಅಂಚಿನಲ್ಲೂ ಅದಿತ್ತು. ಹೊಂದಿತು.
ಅದರ ಮೇಲೆ ಅರ್ಧ ಕೂತು ಇನ್ನೊಂದಿತ್ತು:
ಸಣ್ಣದು, ಹಲ್ಲಿಲ್ಲದ ಬಾಯಿಯದು, ಒಳಕ್ಕೆ ಮಡಿಚಿಕೊಂಡದ್ದು.

ಮಗ, ಸೊಸೆ, ಮೊಮ್ಮಗ, ಎಲ್ಲರನ್ನೂ ಒತ್ತಿಸಿದೆ.
ಯಾವುದೂ ಕೂಡಲಿಲ್ಲ.
ಕಡೆಗೆ, ಕೆ.ಆರ್. ಆಸ್ಪತ್ರೆಯ ಶವಾಗಾರದಿಂದ
ರೂಢಿಗೆಂದು ಕಳಿಸಿದ್ದ ಹಾಳೆ ತೆಗೆದೆ.

ಎಂಬತ್ತೊಂದು ವರ್ಷ ಎತ್ತಿ ಕುಡಿದ ತುಟಿ.

ತಳದಲ್ಲಿ ಅಂಟಿದ್ದು ವಿಷವಲ್ಲ.
ಕಾಫಿ, ಚಿಕೋರಿ, ಮತ್ತೆ,
ಸಕ್ಕರೆ ಕಾಯಿಲೆಯ ಮುದುಕಿಗೆ ಆ ಮನೆಯಲ್ಲಿ ಯಾರೂ ಕೊಡದ
ಅಚ್ಚುಬೆಲ್ಲ, ಚೂರು ಕಬ್ಬಿನ ನಾರು.

ವರದಿಯಲ್ಲಿ ಬರೆದೆ: ಒಂದೇ ಅಂಚು, ಎರಡು ಗುರುತು,
ಒಂದರ ಮೇಲೊಂದು.
ಎಂಜಲು ಎಂಬುದಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.
ಎಷ್ಟು ಮಧ್ಯಾಹ್ನಗಳ ಗುಟುಕೋ, ಅಂಚು ಹೇಳುವುದಿಲ್ಲ;
ತೊಳೆದ ಮೇಲಿನದನ್ನಷ್ಟೇ ಅದು ಬಲ್ಲದು.

ಕೇಸು ಮುಚ್ಚಿತು. ಲೋಟ ನಮಗೆ ಬೇಡವೆಂದು
ಮಗ ಸಹಿ ಹಾಕಿದ.
ದೇವೀರಮ್ಮ ಬಂದಳು,
ಬಸ್ಸಿನ ಚೀಟಿ ಬಳೆಗೆ ಸಿಕ್ಕಿಸಿಕೊಂಡು.
ಮೊದಲೇ ಹೇಳಬಾರದಿತ್ತಾ ಅಂದರೆ,
'ಅಮ್ಮಾವ್ರು ಯಾರ್ಗೂ ಯೋಳ್ಬ್ಯಾಡ ಅಂದಿದ್ರು.'

ಪುಡಿ ಮೆತ್ತಿದೆ, ತೊಳೆದು ಕೊಡಲಾ?

'ಬ್ಯಾಡಿ ಕಣವ್ವ,' ಎಂದು
ಅಂಚಿಗೆ ಬೆರಳು ತಾಗದ ಹಾಗೆ
ತಳ ಹಿಡಿದು ಇಸಕೊಂಡಳು.