ಬಚ್ಚಲುಮನೆಯ ತೂಕದ ಯಂತ್ರಕ್ಕೆ

ನೀನು ಸುಳ್ಳುಗಾರ ಅಲ್ಲ.
ಒಂದೇ ಒಂದು ಮಾತು ಕಲಿತವನು, ಅಷ್ಟೆ.

ನೆನಪಿದೆಯಾ ಆ ವರ್ಷ? ಈಸ್ಟರ್ ಮುಗಿದ ಮೇಲೆ ಒಂಬತ್ತು ವಾರ
ಕೋಸಿನ ನೀರು, ಮತ್ತೆ ಕೋಸಿನ ನೀರು.
ಹನ್ನೊಂದು ಕಿಲೋ ಇಳಿದೆ.
ನಿನ್ನ ಮುಳ್ಳು ಎಡಕ್ಕೆಡಕ್ಕೆ ವಾಲಿ ನನ್ನ ಮೆಚ್ಚಿತು.
ಡಿಪೋದಲ್ಲಿ ಎಲ್ಲರೂ, "ಯದ್ವಿಗಾ, ಹುಡುಗಿಯಾಗಿಬಿಟ್ಟೆ!"

ಆ ಡಿಸೆಂಬರಿನಲ್ಲಿ, ಕೊನೆಯ ನಿಲ್ದಾಣದ ಹತ್ತಿರ
ಹಳಿ ಕವಲೊಡೆಯುವಲ್ಲಿ ಹಿಮ ಕಚ್ಚಿಕೊಂಡಿತ್ತು.
ಟ್ರಾಮಿನಿಂದ ಇಳಿದೆ, ಕಬ್ಬಿಣದ ಸಲಾಕೆ ಹಿಡಿದು
ಸಂದಿಯಲ್ಲಿ ತೂರಿಸಿ ಮೀಟಿದೆ.
ಮೀಟಿದೆ. ಮೀಟಿದೆ.
ವೂಚ್ ನಗರದಲ್ಲಿ ಇಪ್ಪತ್ತಾರು ವರ್ಷ ನನ್ನ ಮಾತು ಕೇಳಿದ ಹಳಿ
ಜಪ್ಪಯ್ಯ ಅಂದರೂ ಕದಲಲಿಲ್ಲ.
ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗನೊಬ್ಬ ಇಳಿದು ಬಂದು
"ಕೊಡಿ ಅಜ್ಜಿ" ಅಂದ.
ಕೊಟ್ಟೆ.

ನೀನು ಹೇಳಿರಲಿಲ್ಲ ನನಗೆ,
ಆ ಹನ್ನೊಂದರಲ್ಲಿ ಹೊಟ್ಟೆಯದೆಷ್ಟು, ತೋಳಿನದೆಷ್ಟು,
ತೂಕದ ಜೊತೆಗೆ ನನ್ನ ತೂಕವೂ ಹೋಯಿತೆಂದು.
ವಾಪಸು ಬರುವಾಗ ಹದಿಮೂರಾಗಿ ಬಂತು.
ಅದರಲ್ಲಿ ತೋಳು ಬರಲಿಲ್ಲ.

ಈಗ ಮಂಗಳವಾರ, ಶುಕ್ರವಾರ, ಪಾಳಿ ಮುಗಿಸಿ
ನನ್ನಜ್ಜಿ ನೂಲು ತೆಗೆದ ಗಿರಣಿಯ ನೆಲಮಾಳಿಗೆಗೆ ಇಳಿಯುತ್ತೇನೆ.
ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ.
ಯಂತ್ರಗಳಿದ್ದಲ್ಲಿ ಸರಳು, ಬಿಲ್ಲೆ, ಹಿಡಿಯಿರುವ ಗುಂಡು.
ಕಿಂಗಾ ಅಂತ ಒಬ್ಬಳು, ನನ್ನ ಮಗಳಿಗಿಂತ ಚಿಕ್ಕವಳು,
ಮೂಗಿಗೆ ಉಂಗುರ, ಬಾಯಿಗೆ ಬೀಗವಿಲ್ಲ:
"ಭಾರ ಇಳಿಸೋಕೆ ಬಂದಿರಾ? ಹಾಗಾದರೆ ಎತ್ತಿ."
ನಕ್ಕೆ. ಅವಳು ನಗಲಿಲ್ಲ.
"ಕೋಸು ಸಾಕು, ಮೊಟ್ಟೆ ತಿನ್ನಿ.
ಉಪವಾಸ ಕೆಡವಿದರೆ ಮೈ ಸೌದೆಗೆ ಹುಡುಕಿ
ಮನೆಯ ಕಂಬವನ್ನೇ ಕಡಿದು ಉರಿಸುತ್ತೆ.
ಕಂಬ ಬೇಕು ಅಂತ ಅದಕ್ಕೆ ತೋರಿಸಿ ಕೊಡಿ, ಎತ್ತಿ ಎತ್ತಿ."

ಏಳು ವಾರ. ನೀನು ಎಂಬತ್ತನಾಲ್ಕು ಅಂದೆ.
ಎಂಬತ್ತನಾಲ್ಕು. ಮತ್ತೆ ಎಂಬತ್ತನಾಲ್ಕು, ಗಿಳಿಯ ಹಾಗೆ.
ಒಂದು ರಾತ್ರಿ ನಿನ್ನೆದುರು ಅತ್ತದ್ದೂ ಉಂಟು,
ಯಾರಿಗೂ ಹೇಳಬೇಡ.
ಆದರೆ ಸಮವಸ್ತ್ರದ ಬೆಲ್ಟು ಎರಡು ತೂತು ಒಳಗೆ ಬಂದಿತ್ತು,
ಮೂರನೆಯದನ್ನು ನಾನೇ ಮೊಳೆ ಹೊಡೆದು ಮಾಡಿದೆ.
ಅದೆಲ್ಲ ನಿನಗೆಲ್ಲಿ ಗೊತ್ತಾಗಬೇಕು?
ನೀನು ಪಾದ ಮಾತ್ರ ಕಂಡವನು.

ಮೊನ್ನೆ ಎಂಬತ್ತೊಂದು ಅಂದೆ, ಸಾಲ ತೀರಿಸುವವನಂತೆ ಮುಖ ಮಾಡಿ.
ಇರಲಿ.

ನಿನ್ನೆ ಮೈನಸ್ ಒಂಬತ್ತು. ಅದೇ ಕವಲು, ಅದೇ ಸಲಾಕೆ.
ಮಂಡಿ ಬಗ್ಗಿಸಿದೆ, ಬೆನ್ನು ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಊರಿ
ಉಸಿರು ಹಿಡಿದು,
ಟಕ್.

ಯಾರೂ ಚಪ್ಪಾಳೆ ಹೊಡೆಯಲಿಲ್ಲ.
ಮುಂದಿನ ಸೀಟಿನ ಮುದುಕ ಗಡಿಯಾರ ನೋಡಿ ಗೊಣಗಿದ:
ಎರಡು ನಿಮಿಷ ತಡ.

ಇವತ್ತು ಬೆಳಿಗ್ಗೆ ನಿನ್ನ ಮೇಲೆ ಬೆಕ್ಕು ಮಲಗಿತ್ತು.
ಎಬ್ಬಿಸಲಿಲ್ಲ.
ಐದೂಮುಕ್ಕಾಲು ಅಂತಿದ್ದೆ ನೀನು.
ಅವಳಿಗೂ ಹೇಳಿ ನೋಡು,
ಕಿವಿಯಾದರೂ ಅಲುಗಿಸುತ್ತಾಳೋ ಏನೋ.